ತವುಡಿನ ಮದ್ರಿನಾ

ನಾನು ಸ್ಪ್ಯಾನಿಷ್ ಬಲ್ಲವಳು ಅಂದರೆ ಆದೋನಿಯಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನಾಗಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು. ಇಷ್ಟನ್ನೂ ಯಾರೂ ಕೂರಿಸಿ ಕಲಿಸದೆ ಕಲಿತವಳಿಗೆ ಇನ್ನೊಂದು ಭಾಷೆ ಏನು ದೊಡ್ಡದು? ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಸ್ಪೇನಿನ ಜನರ ಸಹಾಯದಿಂದ ನಮ್ಮ ಕಡೆಯ ಹಳ್ಳಿ ಮಕ್ಕಳನ್ನು ಓದಿಸುತ್ತಿದ್ದ ಒಂದು ಸಣ್ಣ ಸಂಸ್ಥೆ ದುಭಾಷಿಗಳು ಬೇಕೆಂದು ಕರೆಯಿತು. ನಮ್ಮಪ್ಪ ಹತ್ತಿ ವ್ಯಾಪಾರದವರು, ಮಾತಿನ ಮೇಲೆ ಬದುಕಿದವರು. "ಹೋಗವ್ವ, ಇನ್ನೊಂದು ಭಾಷಾ ಬಂದ್ರ ತಲಿ ಏನ್ ಭಾರ ಆಗಂಗಿಲ್ಲ" ಅಂದರು. ಹೋದೆ, ಕಲಿತೆ, ಕೆಲವು ವರ್ಷ ಅದರಲ್ಲೇ ದುಡಿದೆ.

ಅಲ್ಲಿ ನಮಗೆ ಹೇಳಿಕೊಟ್ಟ ಮೊದಲ ಕಟ್ಟಳೆ ಒಂದೇ. ಅವರು ಹೇಳಿದ್ದಕ್ಕೆ ಒಂದು ಮಾತು ಕೂಡಿಸಬಾರದು, ಒಂದು ಮಾತು ಕಳೆಯಬಾರದು. ನನ್ನಂಥ ಬಾಯಿಬಡುಕಿಗೆ ಇದು ಎಷ್ಟು ಕಷ್ಟ ಅನ್ನುವುದು ನನ್ನನ್ನು ಬಲ್ಲವರಿಗೆ ಗೊತ್ತು. ಆದರೂ ಪಾಲಿಸಿದೆ.

ಆ ಕೆಲಸದಲ್ಲಿ ಮತ್ತೆ ಮತ್ತೆ ಬಾಯಿಗೆ ಬರುತ್ತಿದ್ದ ಪದ 'ಮದ್ರಿನಾ'. ಇಲ್ಲಿ ಹಳ್ಳಿಯಲ್ಲಿ ಒಂದು ಮಗು, ಅಲ್ಲಿ ಸ್ಪೇನಿನಲ್ಲಿ ಆ ಮಗುವಿನ ಓದಿನ ಹೊಣೆ ಹೊತ್ತವರು ಒಬ್ಬರು. ಹೆಂಗಸಾದರೆ ಮದ್ರಿನಾ, ಗಂಡಸಾದರೆ ಪದ್ರಿನೋ. ಕಲಿಸುವವರು ಅದಕ್ಕೆ ತೆಲುಗಿನಲ್ಲಿ 'ದಾತ' ಅನ್ನಿ ಅಂದರು. ನನಗೆ ಸಿಟ್ಟು ಬಂತು. ಮಾದ್ರೆ ಅಂದರೆ ತಾಯಿ. ಪದದ ಹೊಟ್ಟೆಯಲ್ಲೇ ತಾಯಿ ಕೂತಿರುವಾಗ ಅವಳನ್ನು ಎಬ್ಬಿಸಿ ಓಡಿಸಿ ದಾತ ಅಂದರೆ ಹೇಗೆ? ನಿಘಂಟು ನೋಡಿದೆ. ಕ್ರೈಸ್ತರಲ್ಲಿ ಜ್ಞಾನಸ್ನಾನವೆಂದು ಕೂಸಿನ ತಲೆಗೆ ನೀರು ಹಾಕುವಾಗ ಅದನ್ನು ಎತ್ತಿಕೊಂಡು ನಿಲ್ಲುವವಳು ಮದ್ರಿನಾ. ಹೆತ್ತವರಿಗೆ ಏನಾದರೂ ಆದರೆ ಈ ಕೂಸಿಗೆ ನಾನಿದ್ದೇನೆ ಅಂತ ದೇವರ ಮುಂದೆ ಮಾತು ಕೊಟ್ಟವಳು. ಸರಿ, ಇದೇ ಅರ್ಥ ಅಂತ ಗಟ್ಟಿ ಮಾಡಿಕೊಂಡೆ.

ಹಾಗೆ ಗಟ್ಟಿ ಮಾಡಿಕೊಂಡ ಮೇಲೆ ಸ್ಪೇನಿನಿಂದ ಬಂದ ಒಬ್ಬರು ಫೋನಿನಲ್ಲಿ ತಮ್ಮ ಮಗನ ಮದುವೆಯ ಫೋಟೋ ತೋರಿಸಿ, "ಇಲ್ಲಿ ನಾನೇ ಮದ್ರಿನಾ" ಅಂದರು. ಏನು ಕರ್ಮ! ಮದುಮಗನ ಕೈ ಹಿಡಿದು ಕರೆದುಕೊಂಡು ಬರುವ ಅವನ ಸ್ವಂತ ತಾಯಿಯೂ ಮದ್ರಿನಾ ಅಂತೆ. ಇನ್ನೊಬ್ಬರು ಸಮುದ್ರದ ದಂಡೆಯ ಊರಿನವರು. ಹೊಸ ದೋಣಿಯನ್ನು ನೀರಿಗಿಳಿಸುವಾಗ ಅದಕ್ಕೆ ಬಾಟಲಿ ಒಡೆದು ಹರಸುವ ಹೆಂಗಸೂ ಮದ್ರಿನಾ ಅಂದರು. "ಆಮೇಲೆ ಆ ದೋಣಿಯಲ್ಲಿ ಆಕೆ ಕೂರುತ್ತಾಳಾ?" ಅಂತ ಕೇಳಿದೆ. "ಇಲ್ಲ, ದಂಡೆಯಲ್ಲಿ ನಿಂತು ಕೈ ಬೀಸುತ್ತಾಳೆ" ಅಂದರು. ಒಂದು ಪದ ಇಷ್ಟು ಮನೆ ಸುತ್ತುತ್ತದಲ್ಲ ಅಂತ ದಂಗಾದೆ. ಆಗ ನನಗೆ ಗೊತ್ತಿರಲಿಲ್ಲ, ಅದು ನಮ್ಮ ಆದೋನಿ ಪಕ್ಕದ ಆಲೂರು ಕಡೆಗೂ ಬರಲಿಕ್ಕಿತ್ತು.

ಈ ದೋಣಿಯ ಕಥೆ ಹೇಳಿದವರೇ ಮುಂದಿನದಕ್ಕೆಲ್ಲ ಕಾರಣ. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಎತ್ತರದ ಹೆಂಗಸು, ಸುಮ್ಮನೆ ನಗುವ ಸ್ವಭಾವ. ಅವರು ಓದಿಸುತ್ತಿದ್ದ ಹುಡುಗಿ ಆಲೂರಿನಿಂದ ಒಳಗೆ ಹೋಗುವ ರಸ್ತೆಯ ಒಂದು ಹಳ್ಳಿಯವಳು. ಹುಡುಗಿಯನ್ನು ನೋಡಬೇಕೆಂದು ಮೊದಲ ಸಲ ಬಂದಿದ್ದರು. ನಾನು ಜೊತೆಗೆ ಜೀಪಿನಲ್ಲಿ ಹೋದೆ.

ಆ ಹುಡುಗಿಯ ತಾಯಿಯ ವಿಷಯ ಮೊದಲು ಹೇಳಬೇಕು. ಗಂಡ ಕುರಿ ಕಾಯುವವನು, ಮಂದೆ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಮನೆ ಕಡೆ ಬಾರದವನು. ಆಕೆಗೆ ಮೊದಲು ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಈ ಹುಡುಗಿ. ಹೀಗೆ ಮಕ್ಕಳು ಉಳಿಯದ ಮನೆಯಲ್ಲಿ ನಮ್ಮ ಕಡೆ ಒಂದು ಪದ್ಧತಿಯುಂಟು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಾರೆ. ಮಕ್ಕಳನ್ನು ಕಳೆದುಕೊಳ್ಳದ ಒಬ್ಬ ಹೆಂಗಸು ದಾರಿಯಲ್ಲಿ ಹೋಗುವವಳಂತೆ ಬಂದು, "ಇದ್ಯಾರ ಕೂಸು?" ಅಂತ ಕೇಳಿ, ಒಂದು ಬೊಗಸೆ ತವುಡು ಕೊಟ್ಟು ಅದನ್ನು ಕೊಂಡುಕೊಳ್ಳುತ್ತಾಳೆ. ಕೊಂಡ ಮೇಲೆ, "ನನ್ನ ಕೂಸು, ನೀ ಸಾಕು" ಅಂತ ಹೆತ್ತವಳ ಕೈಗೇ ಕೊಡುತ್ತಾಳೆ. ಸಾವು ಬಾಗಿಲಿಗೆ ಬಂದರೆ, ಇದು ನನ್ನದಲ್ಲ, ಮಂದಿ ಕೂಸು ಅಂತ ಹೇಳಿ ಕಳಿಸಲಿಕ್ಕೆ ಒಂದು ದಾರಿ. ಹಾಗೆ ಕೊಂಡವಳನ್ನು ತವುಡಿನ ತಾಯಿ ಅನ್ನುತ್ತಾರೆ. ಆ ಊರಿನಲ್ಲಿ ತವುಡಿನ ತಾಯಿಗೆ ಮರ್ಯಾದೆ ಬಹಳ. ಹುಡುಗಿಗೆ ಮದುವೆಯ ಮಾತು ಎತ್ತಿದರೆ ಎಲೆ-ಅಡಿಕೆ ಮೊದಲು ಆಕೆಯ ಮನೆಗೇ ಹೋಗಬೇಕು.

ಈ ಹುಡುಗಿಯನ್ನು ಕೊಂಡವಳು ಪಕ್ಕದ ಮನೆಯ ಅಜ್ಜಿ. ನಾವು ಹೋಗುವುದಕ್ಕೆ ಸ್ವಲ್ಪ ಮುಂಚೆ ಅಜ್ಜಿ ತೀರಿಕೊಂಡಿದ್ದಳು. ಅದಾದ ಮೇಲೆ ಹುಡುಗಿಗೆ ಜ್ವರ ಬಂದು ಹಾಸಿಗೆ ಹಿಡಿದು ಎದ್ದಿತ್ತು. ತಾಯಿಗೆ ಪ್ರಾಣವೇ ಹಾರಿಹೋದಂತಾಗಿತ್ತು. ಕೊಂಡವಳೇ ಇಲ್ಲ ಅಂದರೆ ಕೂಸು ಈಗ ಯಾರದು? ಸತ್ತವಳು ಬಿಟ್ಟುಹೋದ ಹೊಣೆಯನ್ನು ಕೈಗೆತ್ತಿಕೊಳ್ಳಲಿಕ್ಕೆ ಊರಿನ ಯಾವ ಹೆಂಗಸೂ ಒಪ್ಪಿರಲಿಲ್ಲ. ಆಗ ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಹೋಗಿ, ಚಾಪೆಯ ಮೇಲೆ ಕೂತು, ನನ್ನ ಪಾಡಿಗೆ ಕೆಲಸ ಶುರು ಮಾಡಿದೆ.

"ಆಕಿ ಯಾರು, ನಮಗೇನಾಗಬೇಕು, ಮೇಡಮ್ಮ?" ಅಂತ ತಾಯಿ ಕೇಳಿದಳು.

"ಮದ್ರಿನಾ. ಹಡೆದಾಕಿ ಅಲ್ಲವ್ವ. ಹಡೆದವರಿಗೆ ಏನರ ಆದ್ರ ಈ ಕೂಸಿಗೆ ನಾ ಅದೀನಿ ಅಂತ ದೇವರ ಮುಂದ ಮಾತು ಕೊಟ್ಟಾಕಿ" ಅಂದೆ. ತಪ್ಪೇನೂ ಹೇಳಲಿಲ್ಲ. ಇವತ್ತು ಕೇಳಿದರೂ ಇದನ್ನೇ ಹೇಳುತ್ತೇನೆ.

ಆಕೆ ನನ್ನನ್ನೇ ನೋಡಿದಳು. ಎದ್ದು ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಮೊರ, ಇನ್ನೊಂದು ಕೈಯಲ್ಲಿ ಚಂಬಿನ ತುಂಬ ತವುಡು. ನಾನೂ ಈ ಸೀಮೆಯವಳೇ, ಮೊರ ಮತ್ತು ತವುಡು ಒಟ್ಟಿಗೆ ಬಂದರೆ ಏನೆಂದು ಗೊತ್ತಾಗದೆ ಇರುತ್ತದೆಯೇ.

"ಏ ತಂಗಿ, ಏನ್ ನಡಸೀಯ? ಅವರು ಬ್ಯಾರೆ ದೇಶದವರು!"

"ಇರಲಿ ಬಿಡ್ರಿ. ಸಾವಿಗೆ ದೇಶ ಗೊತ್ತಾಗ್ತೈತೇನು? ಆಕಿಗೆ ಮಕ್ಕಳು ಅದಾವೇನು ಕೇಳ್ರಿ. ಯಾವುದರ ಸತ್ತೈತೇನು ಅದನೂ ಕೇಳ್ರಿ."

ಅಯ್ಯೋ ದೇವರೇ! ಮನೆಗೆ ಬಂದ ಅತಿಥಿಗೆ ಕೇಳುವ ಮಾತಾ ಇದು? ಕೂಡಿಸಬಾರದು, ಕಳೆಯಬಾರದು. ಕಣ್ಣು ನೆಲಕ್ಕೆ ಹಾಕಿ ಕೇಳಿದೆ. ಆ ಹೆಂಗಸು ತನಗೆ ಮಕ್ಕಳೇ ಇಲ್ಲ ಅಂದರು. ನಾನು ಹೆದರಿ ಹೆದರಿ ತಾಯಿಗೆ ಹೇಳಿದೆ.

"ಹಂಗಾದ್ರ ಒಂದೂ ಸತ್ತಿಲ್ಲ" ಅಂದಳು ತಾಯಿ. "ಆತು, ನಡೀತೈತಿ. ಏಳ್ರಿ."

ಮನೆಯ ಹಿಂದೆ ತಿಪ್ಪೆಯ ಹತ್ತಿರ ಹೋದೆವು. ಹುಡುಗಿ ಆಗಲೇ ಶಾಲೆಗೆ ಹೋಗುವಷ್ಟು ದೊಡ್ಡವಳು, ಮೊರದಲ್ಲಿ ಎಲ್ಲಿ ಹಿಡಿಸಬೇಕು? ಮೊರ ನೆಲಕ್ಕಿಟ್ಟು ಅದರಲ್ಲಿ ಅವಳ ಎರಡೂ ಪಾದ ಇರಿಸಿ ನಿಲ್ಲಿಸಿದಳು. ಹುಡುಗಿ ಕಿಸಿಕಿಸಿ ನಗುತ್ತಿತ್ತು. ತಾಯಿ ಬಿಳಿ ಹೆಂಗಸಿನ ಬೊಗಸೆಗೆ ತವುಡು ಸುರಿದಳು. "ತವುಡು ನಂದ, ಕೈ ಆಕೀದು. ನನ್ನ ಕೂಸು, ನೀ ಸಾಕು ಅನ್ನಾಕ ಹೇಳ್ರಿ" ಅಂದಳು. ಆಫೀಸಿನವರಿಗೆ ಗೊತ್ತಾದರೆ ನನ್ನನ್ನು ಹುರಿದು ಮುಕ್ಕುತ್ತಾರೆ. ಅತಿಥಿ, "ಇದೇನು?" ಅಂತ ಕೇಳಿದರು. "ನೀರಿಲ್ಲದ ಜ್ಞಾನಸ್ನಾನ ಅಂದುಕೊಳ್ಳಿ" ಅಂದೆ, ಗಡುಸಾಗಿಯೇ. ತಾಯಿ ಹೇಳಿದ ಮಾತನ್ನೂ ಹಾಗೇ ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಅವರು ಯಾರೂ ಹೇಳದೆ ತಮ್ಮ ಬೂಟು ಕಳಚಿದರು. ತವುಡನ್ನು ತಾಯಿಯ ಸೆರಗಿಗೆ ಹಾಕಿ, "ಎಸ್ ಮೀಯಾ" ಅಂದರು. ನನ್ನವಳು. ಆಮೇಲೆ ದನಿ ಇಳಿಸಿ, ನನಗೋಸ್ಕರ ಇವಳನ್ನು ನೋಡಿಕೋ ಅಂದರು.

ಹಿಂದಿರುಗುವಾಗ ಜೀಪಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. "ಅಂದರೆ ನಾನು ಒಂದು ಮಗುವನ್ನು ಕೊಂಡೆನೇ?" ಅಂದರು. "ಗಾಬರಿ ಬೇಡ, ಇದು ಬರೀ ಆಟ" ಅಂತ ನಾನು ನಕ್ಕೆ.

ಅದಾಗಿ ಎಷ್ಟೋ ವರ್ಷವಾಯಿತು. ಅವರು ಮತ್ತೂ ಬಂದುಹೋದರು, ಆಮೇಲೆ ಮೊಣಕಾಲು ನೋವೆಂದು ಬರುವುದು ನಿಂತಿತು. ನಾನೂ ಆ ಕೆಲಸ ಬಿಟ್ಟು ಆದೋನಿಯಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾ ಇದ್ದೆ. ಅವರ ನಂಬರು ನನ್ನ ಫೋನಿನಲ್ಲಿತ್ತು. ಹಬ್ಬಕ್ಕೆ ಒಂದು ಫೋಟೋ, ಅವರ ಕ್ರಿಸ್ಮಸ್ಸಿಗೆ ಇನ್ನೊಂದು, ಅಷ್ಟೇ ಬಳಕೆ. ಹುಡುಗಿ ಹತ್ತನೇ ತರಗತಿ ಚೆನ್ನಾಗಿ ಪಾಸಾಗಿ ಆಲೂರಿನಲ್ಲಿ ಇಂಟರ್ ಓದುತ್ತಿದ್ದಾಳೆ ಅಂತ ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಆ ತಾಯಿ. ಮುಖ ತೊಳೆಯದೆ ಬಸ್ಸು ಹತ್ತಿದವಳ ಹಾಗಿದ್ದಳು.

"ಮೇಡಮ್ಮ, ಮದ್ರಿನಾಗ ಫೋನ್ ಹಚ್ಚಿ ಕೊಡ್ರಿ."

ಆ ಪದವನ್ನು ಆಕೆ ಅಷ್ಟು ಸಲೀಸಾಗಿ ಅಂದದ್ದು ಕೇಳಿ ನಾನು ಬೆಕ್ಕಸ ಬೆರಗಾದೆ. ಒಳಗೆ ಕರೆದು ನೀರು ಕೊಟ್ಟೆ. ಕುಡಿಯದೆ ಹೇಳತೊಡಗಿದಳು. ಆಕೆಯ ಸ್ವಂತ ತಮ್ಮ ಹುಡುಗಿಯನ್ನು ತನಗೆ ಮದುವೆ ಮಾಡಿಕೊಡಿ ಅಂತ ಕೇಳಿದ್ದಾನೆ. ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ನಮ್ಮ ಕಡೆ ಹೊಸದಲ್ಲ. ಗಂಡ ಕುರಿಯ ಹಟ್ಟಿಯಲ್ಲೇ ಹೂಂ ಅಂದುಬಿಟ್ಟಿದ್ದಾನೆ. ತವರಿನವರೆಲ್ಲ ಹೂಂ ಅಂದಿದ್ದಾರೆ.

"ಹುಡುಗಿ ಏನಂತಾಳ?"

"ನರ್ಸ್ ಓದ್ತೀನಿ ಅಂತ ಒಂದ ಹಟ. ಊಟ ಬಿಟ್ಟಾಳ."

"ಅಲ್ಲವ್ವ, ಆಕಿಗಿನ್ನ ಹದಿನೆಂಟು ತುಂಬಿಲ್ಲ! ಈಗ ಫೋನ್ ಮಾಡ್ತೀನಿ ನೋಡು, ಅಧಿಕಾರಿಗಳು ಬಂದು ಒದ್ದು ನಿಲ್ಲಿಸ್ತಾರ" ಅಂದೆ. ನನಗೆ ಕೋಪ ಬಂದರೆ ಬಾಯಿಗೆ ಬಂದದ್ದೆಲ್ಲ ಬರುತ್ತದೆ.

ಆಕೆ ನನ್ನ ಕೈ ಹಿಡಿದುಕೊಂಡಳು. "ನಿಲ್ಲಸ್ತಾರ್ರಿ. ಹದಿನೆಂಟು ತುಂಬೂತನಕ ನಿಲ್ಲಸ್ತಾರ. ತುಂಬಿದ ಮರುದಿನ? ಆಕಿ ಓದು ಇನ್ನಾ ಎಷ್ಟು ವರ್ಷ ಐತಿ. ಅವ ಕೆಟ್ಟಾವ ಅಲ್ರಿ, ನನ್ನ ತಮ್ಮ. ನಾನ ಎತ್ತಿ ಆಡಿಸೀನಿ. ಪೊಲೀಸ್ರ ಕೈಯಾಗ ಕೊಟ್ಟು ನಾ ಹ್ಯಾಂಗ ತವರಿಗೆ ಮುಖ ತೋರಸಲಿ? ಸೋದರಮಾವನ ಹಕ್ಕಿಗಿಂತ ದೊಡ್ಡ ಹಕ್ಕು ಒಂದ ಐತಿ. ಕೊಂಡಾಕೀದು. ಆಕಿ ಒಲ್ಲೆ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ನಾನು ಆಟ ಅಂದು ನಕ್ಕು ಮರೆತದ್ದನ್ನು ಈ ಹೆಂಗಸು ಇಷ್ಟು ವರ್ಷ ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದ್ದಳು.

ಸ್ಪೇನಿನಲ್ಲಿ ಬೆಳಕು ಹರಿಯುವವರೆಗೆ ಕಾದು ಫೋನ್ ಮಾಡಿದೆ. ಅವರಿಗೆ ನಾನು ಹೇಳಿದ್ದು ತಿಳಿಯಲಿಕ್ಕೇ ಹೊತ್ತು ಹಿಡಿಯಿತು. ತಿಳಿದ ಮೇಲೆ ನನಗಿಂತ ಜೋರಾಗಿ ಕೂಗಿದರು. "ಪೊಲೀಸರನ್ನು ಕರೆ! ನಾನು ಮದ್ರಿನಾ ಅಷ್ಟೇ, ನನಗೆ ಯಾವ ಹಕ್ಕೂ ಇಲ್ಲ. ಮದ್ರಿನಾ ಅಂದರೆ ಪ್ರೀತಿಸುವವಳು, ನಡುವೆ ಬಾಯಿ ಹಾಕುವವಳಲ್ಲ" ಅಂದರು. ನಾನು ತಾಯಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಕೊನೆಗೆ, "ಏನು ಹೇಳಬೇಕು ನಾನು?" ಅಂತ ಸಣ್ಣ ದನಿಯಲ್ಲಿ ಕೇಳಿದರು. "ಕೊಡುವುದಿಲ್ಲ ಅನ್ನಿ. ಅಷ್ಟೇ ಸಾಕಂತೆ" ಅಂದೆ. ಒಪ್ಪಿದರು.

ಹಿರಿಯರು ಕೂಡುವುದು ಆ ವಾರವೇ ಒಂದು ಮಧ್ಯಾಹ್ನ ಅಂತ ಗೊತ್ತಾಯಿತು. ನಾನು ಶಾಲೆಗೆ ರಜೆ ಹಾಕಿ ಬಸ್ಸಿನಲ್ಲಿ ಹೋದೆ. ಬೇವಿನ ಮರದ ಕಟ್ಟೆಯ ಮೇಲೆ ಊರ ಹಿರಿಯರು, ಒಂದು ಕಡೆ ಆ ತಮ್ಮ ಮತ್ತು ಅವನ ಕಡೆಯವರು, ಇನ್ನೊಂದು ಕಡೆ ತಾಯಿ ಒಬ್ಬಳೇ. ಅವಳ ಗಂಡ ಬಂದು ಕೊನೆಯಲ್ಲಿ ಮುಖ ತಗ್ಗಿಸಿ ಕೂತಿದ್ದ. ಹುಡುಗಿ ಹಿಂದೆ ಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. ತಾಯಿ ಮೊರ ತಂದು ನಡುವೆ ಇಟ್ಟು, ತವುಡು ಸುರಿದು, ನನ್ನ ಫೋನನ್ನು ಅದರ ಮೇಲೆ ಚಂಬಿಗೆ ಆನಿಸಿ ನಿಲ್ಲಿಸಿದಳು. ತವುಡಿನ ನಡುವೆ ಆ ನರೆತ ಕೂದಲಿನ ಮುಖ ಬೆಳಗಿತು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅವತ್ತು ಒಬ್ಬರೂ ನಗಲಿಲ್ಲ.

"ಅಕ್ಕಾ, ಬಿಳೇ ಹೆಂಗಸಿನ ಕೈಯಾಗ ತವುಡು ಹಿಡಿಸಿ ನಂಗ ಟೋಪಿ ಹಾಕ್ತೀಯೇನು?" ಅಂದ ತಮ್ಮ.

"ಹಿಡಿಸಿದ್ದು ಖರೆ ಐತೇನವ್ವ?" ಅಂತ ಹಿರಿಯರೊಬ್ಬರು ನನ್ನನ್ನು ಕೇಳಿದರು.

"ಖರೇರಿ. ನನ್ನ ಕಣ್ಣಿಂದ ನೋಡೀನಿ" ಅಂದೆ.

"ಹಂಗಾದ್ರ ಕೊಂಡಾಕಿ ಬಾಯಿಂದ ಬಂದದ್ದು ಕೇಳಬೇಕಾಗ್ತೈತಪ್ಪ" ಅಂದರು ಅವರು ತಮ್ಮನ ಕಡೆ ತಿರುಗಿ. ಬಿಳಿ ಹೆಂಗಸು ಯಾರು, ಯಾವ ದೇಶ, ಅದು ಅವರಿಗೆ ಬೇಕಾಗಿರಲಿಲ್ಲ. ಮೊರ ನಿಜ, ತವುಡು ನಿಜ, ಅಷ್ಟೇ. ಗೆದ್ದೆವು ಅಂದುಕೊಂಡೆ.

ತಮ್ಮ ಬಹಳ ಹೊತ್ತು ಮೊರವನ್ನೇ ನೋಡಿದ. ಅವನು ದಡ್ಡನಲ್ಲ. ನಿಧಾನವಾಗಿ ಮಾತಾಡಿದ.

"ಸರೇ. ಕೂಸು ಕೊಂಡಾಕೀದು ಅಂತಾದ್ರ ಹಡೆದಾಕೀದಲ್ಲ. ಹೌದಿಲ್ಲೋ? ನಮ್ಮಕ್ಕ ಎಲ್ಲಾರ ಮುಂದ ಒಂದ ಮಾತು ಹೇಳಲಿ, ಈ ಹುಡುಗಿ ನನ್ನ ಮಗಳಲ್ಲ ಅಂತ. ನನ್ನ ಹಕ್ಕು ಇರೋದು ಅಕ್ಕನ ಮಗಳ ಮ್ಯಾಲ. ಅಕ್ಕನ ಮಗಳ ಅಲ್ಲ ಅಂದಮ್ಯಾಲ ನಂಗೇನೈತಿ? ಎದ್ದು ಹೋಗ್ತೀನಿ. ಆದ್ರ ಯಾವತ್ತರ, ಯಾರ ಮುಂದರ ಆಗಲಿ, ಮಗಳು ಅಂತ ಆಕಿ ಬಾಯಾಗ ಬಂದ್ರ, ಅವತ್ತ ನಾ ಎಲಿ-ಅಡಿಕಿ ಹಿಡಕೊಂಡು ಬರ್ತೀನಿ. ಆಗ ಯಾರೂ ಅಡ್ಡ ಬರಬಾರದು."

ತವುಡಿಗೆ ಕೊಂಡ ಮಕ್ಕಳು ನಮ್ಮ ಸೀಮೆಯಲ್ಲಿ ಎಷ್ಟು ಜನ ಇಲ್ಲ! ಆದರೆ ಹೆತ್ತವಳ ಬಾಯಿಂದ ಇಂಥ ಮಾತನ್ನು ನಿಜಕ್ಕೆ ಕೇಳಿದವರನ್ನು ನಾನು ಕಂಡಿಲ್ಲ, ಕೇಳಿಲ್ಲ. ಹಿರಿಯರಲ್ಲಿ ಒಬ್ಬರಾದರೂ "ಛೀ, ಇದೇನು ಮಾತು" ಅನ್ನಬಾರದೇ? ಅನ್ನಲಿಲ್ಲ. ಕಾಯುತ್ತಾ ಕೂತರು.

ತಾಯಿ ಯಾರನ್ನೂ ನೋಡಲಿಲ್ಲ. ಮೊರದ ಅಂಚಿಗೆ ಜಾರಿದ್ದ ತವುಡನ್ನು ಬೆರಳಿಂದ ಒಳಗೆ ದೂಡಿದಳು.

"ನನ್ನ ಮಗಳಲ್ಲ" ಅಂದಳು. "ಕೊಂಡಾಕೀದು. ನಾ ಸಾಕಾಕಿ."

ಹಿಂದೆ ಬಾಗಿಲಲ್ಲಿ ಹುಡುಗಿ "ಯವ್ವಾ" ಅಂತ ಅಂದೇಬಿಟ್ಟಿತು. ತಾಯಿ ಎದ್ದು ಓಡಿದಳು, ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ಇವತ್ತಿಗೂ ಆ ಅಂಗೈ ನೆನಪಾದರೆ ನಾನು ಹಿಡಿದ ಕೆಲಸ ಅಲ್ಲೇ ಬಿಟ್ಟು ಕೂತುಬಿಡುತ್ತೇನೆ.

ಫೋನಿನಿಂದ ಸ್ಪ್ಯಾನಿಷ್ ಕೇಳಿಸುತ್ತಿತ್ತು. "ಏನಂದಳು? ಆಕೆ ಏನಂದಳು?" ನಾನು ಹೇಳಬೇಕಿತ್ತು. ಕೂಡಿಸದೆ, ಕಳೆಯದೆ. ಹೇಳಿದೆ. ಆ ಹೆಂಗಸು ಎರಡೂ ಕೈ ತಲೆಗೆ ಹಚ್ಚಿಕೊಂಡರು. "ಇಲ್ಲ, ಇಲ್ಲ! ಅವಳು ಆಕೆಯ ಮಗಳು! ಅವರಿಗೆ ಹೇಳು, ಮದ್ರಿನಾ ಅಂದರೆ ಇದಲ್ಲ ಅಂತ ಹೇಳು!"

"ಏನಂತಾಳ ಆಕಿ?" ಅಂದರು ಹಿರಿಯರು. ತಮ್ಮನೂ ಕಿವಿ ನಿಮಿರಿಸಿ ಕೂತಿದ್ದ.

ಒಳ್ಳೆಯ ಹೆಂಗಸು, ತನ್ನ ಒಳ್ಳೆಯತನದಿಂದಲೇ ಎಲ್ಲವನ್ನೂ ಮಣ್ಣುಪಾಲು ಮಾಡಲಿಕ್ಕೆ ಹೊರಟಿದ್ದರು. ಅದನ್ನು ಹಾಗೇ ಕನ್ನಡದಲ್ಲಿ ಹೇಳಿದರೆ ಆ ತಾಯಿ ಆಡಿದ ಮಾತು ನೀರಿಗೆ ಬಿದ್ದ ಹಾಗೆ. ಬೇರೆ ಏನೋ ಹೇಳಿ ಮುಚ್ಚೋಣವೆಂದರೆ ಅದು ನನ್ನ ಜನ್ಮದಲ್ಲಿ ಮಾಡದ ಕೆಲಸ. ನನ್ನ ತಾಳ್ಮೆ ಹರಿಯಿತು. ಫೋನಿಗೆ ಮುಖ ಕೊಟ್ಟು ಸ್ಪ್ಯಾನಿಷ್‌ನಲ್ಲೇ ರೇಗಿದೆ. "ನಿಮ್ಮೂರಿನ ಅರ್ಥ ನಿಮ್ಮೂರಿಗೆ ಇಟ್ಟುಕೊಳ್ಳಿ! ಇಲ್ಲಿ ನೀವು ಬೂಟು ಬಿಚ್ಚಿ ತವುಡು ಹಾಕಿದ್ದೀರಿ. ನನ್ನವಳು ಅಂದಿದ್ದೀರಿ. ಈಗ ಆಕೆ ತನ್ನವಳಲ್ಲ ಅಂದಾಗಿದೆ. ನೀವೂ ಕೈಬಿಟ್ಟರೆ ಈ ಹುಡುಗಿ ಯಾರವಳು? ಕೊಡುತ್ತೀರೋ ಇಲ್ಲವೋ, ಅದನ್ನಷ್ಟೇ ಹೇಳಿ!"

ಅವರು ಅಳುವುದು ಎಲ್ಲರಿಗೂ ಕಾಣುತ್ತಿತ್ತು. ಕನ್ನಡಕ ತೆಗೆದು ಕಣ್ಣು ಒರೆಸಿದರು. ಆಮೇಲೆ ನೆಟ್ಟಗೆ ಕೂತು, ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿ, "ಎಸ್ ಮೀಯಾ. ನೋ ಲಾ ದೋಯ್" ಅಂದರು.

"ನನ್ನವಳು. ನಾನು ಕೊಡೂದಿಲ್ಲ" ಅಂದೆ ನಾನು ಕನ್ನಡದಲ್ಲಿ.

ತಮ್ಮ ಎದ್ದ. ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. ಅಕ್ಕನ ಮುಂದೆಯೇ ಹಾದು ಹೋದ. ಹಿರಿಯರು ಒಬ್ಬೊಬ್ಬರೇ ಎದ್ದರು. ತಾಯಿ ಬಂದು ಮೊರದಿಂದ ಫೋನು ತೆಗೆದು, ಸೆರಗಿನಿಂದ ತವುಡು ಒರೆಸಿ ನನ್ನ ಕೈಗೆ ಕೊಟ್ಟಳು. ನಾನು ಬಸ್ಸಿನ ಹೊತ್ತು ಕೇಳಿದೆ.

ಹುಡುಗಿ ಇಂಟರ್ ಮುಗಿಸಿ ಈಗ ಆದೋನಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ. ಮೊನ್ನೆ ತಾಯಿ ಅವಳನ್ನು ನೋಡಲಿಕ್ಕೆ ಬಂದಳು. ದಾರಿ ಗೊತ್ತಿಲ್ಲವೆಂದು ಮೊದಲು ನಮ್ಮ ಮನೆಗೆ ಬಂದಳು, ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಕೈಯಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿಯ ಡಬ್ಬಿ. ದಾರಿಯುದ್ದಕ್ಕೂ ಮಾತು ಮಾತಿಗೂ 'ಹುಡುಗಿ' ಅನ್ನುತ್ತಿದ್ದಳು. ಹುಡುಗಿಗೆ ಕೂದಲು ಉದುರ್ತಾವಂತ, ಹುಡುಗಿಗೆ ಹಾಸ್ಟೆಲ್ ಅನ್ನ ಸೇರಂಗಿಲ್ಲಂತ. ನಾನು ಆಗ ಅದನ್ನು ಗಮನಿಸಲೇ ಇಲ್ಲ.

ಗೇಟಿನಲ್ಲಿ ವಾಚ್‌ಮನ್ ತಡೆದ. ಹತ್ತಿರದ ಸಂಬಂಧಿಕರನ್ನು ಮಾತ್ರ ಬಿಡುತ್ತಾರಂತೆ. "ಮೀರು ಅಮ್ಮಾಯಿಕಿ ಏಮವುತಾರಮ್ಮಾ?" ಅಂತ ತೆಲುಗಿನಲ್ಲಿ ಕೇಳಿದ. ಹುಡುಗಿಗೆ ನೀವು ಏನಾಗಬೇಕು?

'ತಾಯಿ' ಅನ್ನಲಿಕ್ಕೆ ನಾನು ಬಾಯಿ ತೆರೆದಿದ್ದೆ. ಆಕೆ ನನ್ನ ಮುಂಗೈಯನ್ನು ಬಳೆ ಒತ್ತುವ ಹಾಗೆ ಹಿಡಿದಳು. ಊರಿನವರು ಒಬ್ಬರೂ ಅಲ್ಲಿ ಇರಲಿಲ್ಲ. ತಮ್ಮ ಇರಲಿಲ್ಲ. ಬಿಸಿಲು, ಗೇಟು, ತೆಲುಗಿನ ವಾಚ್‌ಮನ್, ಅಷ್ಟೇ.

"ಮದ್ರಿನಾ" ಅಂದಳು.

"ಅಂಟೇ?" ಅಂದ ವಾಚ್‌ಮನ್, ನನ್ನ ಕಡೆ ತಿರುಗಿ. ಹಾಗಂದರೇನು?

ವರ್ಷಗಟ್ಟಲೆ ಆ ಪದದ ಅರ್ಥ ಹೇಳಿಯೇ ಅನ್ನ ಉಂಡವಳು ನಾನು. ಗೇಟಿನ ಸರಳು ಹಿಡಿದು ನಿಂತೆ.

ಅಷ್ಟರಲ್ಲಿ ಒಳಗಿನಿಂದ ಹುಡುಗಿ ಬಿಳಿಯ ಯೂನಿಫಾರ್ಮಿನಲ್ಲಿ ಓಡಿ ಬಂದಳು. ತಾಯಿಯ ಮುಂದೆ ಬಂದು ನಿಂತಳು. ತುಟಿಗೆ ಬಂದದ್ದನ್ನು ನುಂಗಿದಳು, ಅದನ್ನು ನಾನು ಕಂಡೆ.

"ಮದ್ರಿನಾ, ಉಂಡು ಬಂದೀಯೇನು?" ಅಂದಳು.

"ಇಲ್ಲ. ನಿನ ಜೋಡಿ ಉಂಡ್ರಾತು ಅಂತ ಹಂಗ ಬಂದೆ" ಅಂದಳು ತಾಯಿ.